ಆಷಾಢಕ್ಕೆ ಮೊದಲು ಬಂದ ಸ್ಟೆಪ್ನಿ

ಯಮುನಾಳ ಎತ್ತರ ನಾಲ್ಕು ಅಡಿ ಹತ್ತು ಅಂಗುಲ. ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಹೇಳಿಕೊಡುತ್ತಿರುವ ಅವಳು ಕಾರಿಡಾರಿನಲ್ಲಿ ನಡೆದು ಬಂದರೆ ಆರಡಿ ಎತ್ತರದ ಡ್ರಿಲ್ ಮಾಸ್ತರರೂ ಶರ್ಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಆದರೆ ಯಾರದಾದರೂ ಕಾರು ಹತ್ತುವ ಹೊತ್ತು ಬಂತೋ, ಆ ಗತ್ತು ಮೂರು ಕಾಸಿಗೂ ಬಾಳುತ್ತಿರಲಿಲ್ಲ. ಮದುವೆಯಿರಲಿ, ಮುಂಜಿಯಿರಲಿ, ಮೇಲುಕೋಟೆಗೆ ಹೊರಟಿರಲಿ, ನೆಂಟರೆಲ್ಲ ಒಂದೇ ರಾಗ ತೆಗೆಯುತ್ತಿದ್ದರು: "ಯಮುನಾ ಸಣ್ಣಗಿದ್ದಾಳೆ, ಮಧ್ಯ ಕೂತ್ಕೊಳ್ಳಲಿ ಬಿಡಿ."

ಮಧ್ಯ ಎಂದರೆ ಹಿಂದಿನ ಸೀಟಿನ ಮಧ್ಯ. ಕಾಲ ಕೆಳಗೆ ಉಬ್ಬು, ಎಡಕ್ಕೊಬ್ಬರ ಮೊಣಕೈ, ಬಲಕ್ಕೊಬ್ಬರ ಬ್ಯಾಗು, ಮಡಿಲಲ್ಲಿ ಯಾರದೋ ಮಗು, ಮಗು ಇಲ್ಲದಿದ್ದರೆ ಪ್ರಸಾದದ ಡಬ್ಬಿ. ಐವತ್ತೊಂದು ವರ್ಷದ ಯಮುನಾ ಕರ್ನಾಟಕವನ್ನೆಲ್ಲ ನೋಡಿದ್ದು ಮುಂದಿನ ಎರಡು ಸೀಟುಗಳ ಸಂದಿಯಿಂದ. ಒಮ್ಮೆ ಜೋಗಕ್ಕೆ ಹೋಗಿಬಂದವಳನ್ನು ಹೇಗಿತ್ತು ಎಂದು ಕೇಳಿದಾಗ, ದಾರಿಯುದ್ದಕ್ಕೂ ಭಾವನವರ ಬೋಳುತಲೆ ಬಹಳ ಚೆನ್ನಾಗಿ ಕಂಡಿತು ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಆ ಸಿಟ್ಟೇ ಅವಳನ್ನು ನಲವತ್ತೆಂಟನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿಸಿತು. ಬೆಳಗ್ಗೆ ಆರು ಗಂಟೆಗೆ ಬಸವನಗುಡಿಯ ಬೀದಿಗಳಲ್ಲಿ, ಬೆನ್ನಿಗೊಂದು ದಿಂಬು ಕೆಳಗೊಂದು ದಿಂಬು ಇಟ್ಟುಕೊಂಡು ಕಲಿತಳು. ಲೈಸೆನ್ಸೂ ಬಂತು, ಕಾರು ಮಾತ್ರ ಬರಲಿಲ್ಲ. ಗಂಡ ಶ್ರೀಧರ್ ಹಿಂದೊಮ್ಮೆ ಅಣ್ಣನ ಕಾರಿನಲ್ಲಿ ಕಲಿಯಲು ಹೋಗಿ ಗೇಟನ್ನೇ ಕಿತ್ತುಹಾಕಿದ್ದ. ಅಂದಿನಿಂದ ಬಸ್ಸು, ಮೆಟ್ರೋ ಇರುವ ಊರಿನಲ್ಲಿ ಕಾರು ಇಡುವುದು ಅವಿವೇಕ ಎಂಬ ಸಿದ್ಧಾಂತಕ್ಕೆ ಅಂಟಿಕೊಂಡಿದ್ದ. ಯಮುನಾ ಶೋರೂಮುಗಳಿಗೆ ಹೋಗಿ ಎರಡು ಮೂರು ಕಾರುಗಳಲ್ಲಿ ಕೂತು ನೋಡಿದ್ದುಂಟು. ಎಲ್ಲದರಲ್ಲೂ ಹೊರಗಿನವರಿಗೆ ಸ್ಟೀರಿಂಗಿನ ಮೇಲೆ ಅವಳ ಹಣೆ ಮಾತ್ರ ಕಾಣುತ್ತಿತ್ತು. ಮೂರು ವರ್ಷ ಆ ಲೈಸೆನ್ಸು ಬೀರುವಿನೊಳಗೆ ರೇಷನ್ ಕಾರ್ಡಿನ ಪಕ್ಕದಲ್ಲಿ ನಿದ್ದೆ ಹೊಡೆಯಿತು.

ಹೀಗಿರುವಾಗ ಜೂನ್ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಪೂರಕ ಪರೀಕ್ಷೆಯ ಪೇಪರ್ ತಿದ್ದಲು ಅವಳನ್ನು ಮಲ್ಲೇಶ್ವರಂಗೆ ಹಾಕಿದರು. ಮೂರನೇ ದಿನ ಊಟದ ಬಿಡುವಿನಲ್ಲಿ ಹದಿನೈದನೇ ಕ್ರಾಸಿನ ನೆರಳಲ್ಲಿ ಸುಮ್ಮನೆ ನಡೆಯುತ್ತಿದ್ದಾಗ, ಒಂದು ಹಳೆಯ ಮನೆಯ ಕಾಂಪೌಂಡಿನೊಳಗೆ ನೀಲಿ ಬಣ್ಣದ ಗಾಡಿ ಕಂಡಿತು. ಉದ್ದ ಕಡಿಮೆ, ಎತ್ತರ ಜಾಸ್ತಿ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸಿನ ಹಾಗೆ ಹಿಂಬಾಗಿಲ ಮೇಲೆ ಸ್ಟೆಪ್ನಿ ಹೊತ್ತು ನಿಂತಿತ್ತು. ಗಾಜಿಗೆ ಅಂಟಿಸಿದ ಕಾಗದದ ಮೇಲೆ ಮುತ್ತಿನಂಥ ಅಕ್ಷರ: 'ಮಾರಾಟಕ್ಕಿದೆ. ಮೊದಲಿನಿಂದಲೂ ಒಬ್ಬರೇ ಓನರ್. ದಲ್ಲಾಳಿಗಳು ದಯವಿಟ್ಟು ಗಂಟೆ ಒತ್ತಬಾರದು.'

ಯಮುನಾ ಗಂಟೆ ಒತ್ತಿದಳು.

ಬಾಗಿಲು ತೆಗೆದವರು ರಾಮಾನುಜ, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಎಪ್ಪತ್ತಾರರ ಹಿರಿಯರು. ಎಡಗಣ್ಣಿನ ನೋಟ ಮಂಜಾಗಿದ್ದರಿಂದ ಇನ್ನು ಸ್ಟೀರಿಂಗ್ ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದರಂತೆ. ಕಾರು ಫೋರ್ಡ್ ಇಕೋಸ್ಪೋರ್ಟ್, ಓಡಿದ್ದು ಕಡಿಮೆ. ಆ ಕಂಪನಿ ನಮ್ಮ ದೇಶದಲ್ಲಿ ಕಾರು ಮಾಡುವುದನ್ನು ನಿಲ್ಲಿಸಿ ಕೆಲವು ವರ್ಷವಾಗಿತ್ತು, ಅದಕ್ಕೇ ಬೆಲೆಯೂ ಕೈಗೆಟುಕುವಂತಿತ್ತು. ಅದನ್ನೆಲ್ಲ ಕೇಳುವ ವ್ಯವಧಾನ ಯಮುನಾಳಿಗಿರಲಿಲ್ಲ. "ಒಂದು ಸಲ ಕೂತು ನೋಡ್ಲಾ ಸರ್?" ಎಂದವಳೇ ಹತ್ತಿ ಕೂತಳು. ಎಂದಿನಂತೆ ಎದುರಿಗೆ ಕಂಡದ್ದು ಬರೀ ಸ್ಟೀರಿಂಗು. ಮುಖ ಸಪ್ಪಗಾಯಿತು.

"ಸೀಟಿನ ಪಕ್ಕ ಒಂದು ಹಿಡಿ ಇದೆ ನೋಡಿ. ಮೇಲಕ್ಕೆ ಎಳೀತಾ ಇರಿ," ಎಂದರು ರಾಮಾನುಜ.

ಯಮುನಾ ಎಳೆದಳು. ಸೀಟು ಒಂದಂಗುಲ ಏರಿತು. ಇನ್ನೊಮ್ಮೆ ಎಳೆದಳು. ಹಳೇ ಕಾಲದ ಬೋರ್‌ವೆಲ್ ಪಂಪು ಹೊಡೆದ ಹಾಗೆ ಏಳೆಂಟು ಸಲ ಎಳೆಯುವಷ್ಟರಲ್ಲಿ ಗಾಜಿನ ಕೆಳಗಿನಿಂದ ನೀಲಿ ಬಾನೆಟ್ ಮೆಲ್ಲಗೆ ಎದ್ದು ಬಂತು, ಅದರಾಚೆ ಗೇಟು, ಗೇಟಿನಾಚೆ ಇಡೀ ರಸ್ತೆ.

"ಸರ್! ಬಾನೆಟ್ ಕಾಣಿಸ್ತಿದೆ!" ಎಂದು ಅವಳು ಕಿರುಚಿಯೇಬಿಟ್ಟಳು.

"ಕಾಣಿಸ್ಬೇಕಲ್ಲ ತಾಯಿ, ಅದು ಅಲ್ಲೇ ಇರೋದು," ಎಂದರು ಆ ಮಹಾನುಭಾವರು.

ಆವತ್ತು ಮಧ್ಯಾಹ್ನ ಯಮುನಾಳ ಕೈಗೆ ಸಿಕ್ಕ ಪೇಪರುಗಳ ಮಕ್ಕಳು ಪುಣ್ಯವಂತರು. ಅನುಮಾನವಿದ್ದಲ್ಲೆಲ್ಲ ಅರ್ಧ ಮಾರ್ಕು ಹುಡುಗರ ಪಾಲಾಯಿತು. ಸಂಜೆ ಮನೆಗೆ ಬರುವ ದಾರಿಯಲ್ಲಿ ಅವಳೊಂದು ಕೀ ಬಂಚ್ ಕೂಡ ಕೊಂಡಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ ಇರಬೇಕು.

ಶ್ರೀಧರ್ ವಿಷಯ ಕೇಳಿ ಪೇಪರ್ ಮಡಿಚಿಟ್ಟ. "ಅಲ್ಲ ಕಣೇ, ಕಂಪನಿನೇ ಗಂಟು ಮೂಟೆ ಕಟ್ಕೊಂಡು ಹೋಗಿದೆ. ನಾಳೆ ಕೆಟ್ರೆ ಯಾರನ್ನ ಕೇಳ್ತೀಯ?"

"ನಿಮ್ಮ ಕೈಯಲ್ಲಿರೋ ವಾಚಿನ ಫ್ಯಾಕ್ಟರಿ ಮುಚ್ಚಿ ಎಷ್ಟು ವರ್ಷ ಆಯ್ತು? ಬಿಚ್ಚಿಟ್ರಾ?"

ಶ್ರೀಧರ್ ವಾಚು ನೋಡಿಕೊಂಡ. ಅದು ಸರಿಯಾದ ಟೈಮನ್ನೇ ತೋರಿಸುತ್ತಿತ್ತು, ಅದೇ ಅವನಿಗೆ ತೊಂದರೆಯಾಯಿತು. ಅಡಿಗೆಮನೆಯ ಹೊಸ್ತಿಲ ಬಳಿ ಹುರುಳಿಕಾಯಿ ಮುರಿಯುತ್ತಿದ್ದ ಅತ್ತೆ ಅಂಬುಜಮ್ಮ ತಲೆಯೆತ್ತಲೂ ಇಲ್ಲ. ಎಪ್ಪತ್ತೆಂಟರ ಅಂಬುಜಮ್ಮನಿಗೆ ಪಂಚಾಂಗವೆಂದರೆ ಪಂಚಪ್ರಾಣ. ಅವರು ಸುಮ್ಮನಿದ್ದಾರೆಂದರೆ ಒಪ್ಪಿದ್ದಾರೆಂದು ತಿಳಿಯುವ ಹಾಗಿಲ್ಲ, ಒಳಗೊಳಗೇ ತಿಥಿ ಲೆಕ್ಕ ಹಾಕುತ್ತಿದ್ದಾರೆಂದು ಅರ್ಥ.

ಭಾನುವಾರ ಗಂಡ ಹೆಂಡತಿ ಇಬ್ಬರೂ ಜೆ.ಸಿ. ರೋಡಿನ ಮೆಕ್ಯಾನಿಕ್ ಅನಿಲ್ ಕುಮಾರನನ್ನು ಕರೆದುಕೊಂಡು ಮಲ್ಲೇಶ್ವರಂಗೆ ಹೋದರು. ಅಲ್ಲಿ ನಡೆದದ್ದು ಸಾಕ್ಷಾತ್ ಹೆಣ್ಣು ನೋಡುವ ಶಾಸ್ತ್ರ. ರಾಮಾನುಜ ಇಸ್ತ್ರಿ ಮಾಡಿದ ಪಂಚೆ ಉಟ್ಟು ಹಾಲಿನಲ್ಲಿ ಕೂತಿದ್ದರು. ಮಗಳು ಸುಪ್ರಜಾ, ಅಪ್ಪನ ಜೊತೆಯಲ್ಲೇ ಇರುವ ಕಾಲೇಜ್ ಲೈಬ್ರೇರಿಯನ್, ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟಳು. ಹೊರಗೆ ಕಾರು ಎಣ್ಣೆನೀರು ಹಾಕಿಸಿಕೊಂಡ ಮದುಮಗಳ ಹಾಗೆ ಹೊಳೆಯುತ್ತಿತ್ತು. ಆದರೆ ಇಲ್ಲಿ ಪ್ರಶ್ನೆ ಕೇಳಿದವರು ಹೆಣ್ಣಿನ ಕಡೆಯವರು.

"ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸೋ ಅಭ್ಯಾಸ ಉಂಟಾ?"

"ಇಲ್ಲ ಸರ್."

"ಹಂಪ್ ಬಂದ್ರೆ ಯಾವ ಗೇರು?"

"ಎರಡು. ದೊಡ್ಡದಾದ್ರೆ ಒಂದು."

"ಹಾರ್ನು?"

"ಬೇಕಾದ್ರೆ ಮಾತ್ರ."

ರಾಮಾನುಜ ತಲೆಯಾಡಿಸಿದರು. ಬೋರ್ಡಿನ ಮುಂದೆ ನಿಂತ ಎಂಟನೇ ಕ್ಲಾಸಿನ ಹುಡುಗಿಯ ಹಾಗೆ ಯಮುನಾಳ ಅಂಗೈ ಬೆವರಿತ್ತು. ಆದರೆ "ಬನ್ನಿ, ಒಂದು ರೌಂಡು ಓಡಿಸಿ ನೋಡಿ," ಎಂದು ಅವರು ಕರೆದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಲೈಸೆನ್ಸು ಬಂದ ಮೇಲೆ ಮೂರು ವರ್ಷದಲ್ಲಿ ಅವಳು ಒಂದು ದಿನವೂ ಸ್ಟೀರಿಂಗ್ ಹಿಡಿದಿರಲಿಲ್ಲ. "ಅನಿಲ್ ಓಡಿಸ್ಲಿ ಸರ್, ಅವನಿಗೆ ಇಂಜಿನ್ ಶಬ್ದ ಗೊತ್ತಾಗುತ್ತೆ," ಎಂದು ಜಾರಿಕೊಂಡಳು.

ಅನಿಲ್ ಎರಡು ರೌಂಡು ಹೊಡೆದು ಬಂದು, ಕೆಳಗೆ ಮಲಗಿ ನೋಡಿ, ಕೈ ಒರೆಸಿಕೊಂಡ. "ಕಣ್ಮುಚ್ಕೊಂಡು ತಗೊಳ್ಳಿ ಅಕ್ಕ. ಮಗು ಥರ ಸಾಕಿದಾರೆ."

"ಸ್ಪೇರ್ ಪಾರ್ಟ್ಸು?" ಎಂದ ಶ್ರೀಧರ್.

"ಏನ್ ಸಾರ್ ನೀವು. ಕಂಪನಿಯವ್ರ ಹತ್ರಾನೂ ಸಿಗುತ್ತೆ. ಅಲ್ಲಿಲ್ಲ ಅಂದ್ರೆ ನಮ್ಮ ಜೆ.ಸಿ. ರೋಡಿದೆ. ಅಪ್ಪ ಅಮ್ಮ ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತೆ ಅಲ್ಲಿ."

ಬೆಲೆ ಐದು ನಿಮಿಷದಲ್ಲಿ ಕುದುರಿತು. ಕೊಕ್ಕೆ ಬಿದ್ದದ್ದು ಕಾಗದದಲ್ಲಿ. ಸುಪ್ರಜಾ ಆರ್‌ಸಿ ತಂದು ತೋರಿಸಿದಾಗ ಅದರ ಮೇಲೆ ಸಾಲ ಕೊಟ್ಟ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ರಾಮಾನುಜ ಸಾಲ ತೀರಿಸಿ ನಾಲ್ಕು ವರ್ಷವಾಗಿದ್ದರೂ ಆರ್‌ಟಿಒಗೆ ಹೋಗಿ ಹೆಸರು ತೆಗೆಸುವುದನ್ನು ಮರೆತಿದ್ದರು. ಈಗ ಬ್ಯಾಂಕಿನಿಂದ ಹೊಸದಾಗಿ ಪತ್ರ ಬರಬೇಕು, ಅದಕ್ಕೆ ಎಂಟು ಹತ್ತು ದಿನ ಹಿಡಿಯುತ್ತದೆ. ಅದು ಬರುವವರೆಗೆ ಕಾರು ಯಮುನಾಳ ಹೆಸರಿಗೆ ಆಗುವ ಹಾಗಿಲ್ಲ.

"ಹತ್ತು ದಿನ ತಾನೇ, ಕಾಯ್ತೀವಿ," ಎಂದು ಯಮುನಾ ನಗುತ್ತಲೇ ಮನೆಗೆ ಬಂದಳು. ಬಾಗಿಲಲ್ಲೇ ಅಂಬುಜಮ್ಮ ಪಂಚಾಂಗ ಹಿಡಿದು ಕೂತಿದ್ದರು.

"ಬುಧವಾರ ಅಮಾವಾಸ್ಯೆ. ಗುರುವಾರದಿಂದ ಆಷಾಢ," ಎಂದರು. "ಆಷಾಢದಲ್ಲಿ ಹೊಸ ಸೊಸೇನೇ ಮನೇಲಿ ಇಟ್ಕೊಳಲ್ಲ, ಕಾರು ಇಟ್ಕೋತೀವಾ? ಶ್ರಾವಣಕ್ಕೆ ತರೋಣ."

ಯಮುನಾ ಸುಪ್ರಜಾಳಿಗೆ ಫೋನು ಮಾಡಿ ಶ್ರಾವಣದವರೆಗೆ ಕಾಯುತ್ತೀರಾ ಎಂದು ಕೇಳಿದಳು. ಸುಪ್ರಜಾ ಕೆಟ್ಟವಳೇನಲ್ಲ, ಅವಳ ಕಷ್ಟ ಅವಳಿಗೆ. ಕಾರು ನಿಂತ ಜಾಗದಲ್ಲಿ ನೀರಿನ ಸಂಪು ತೋಡಿಸಬೇಕಿತ್ತು, ಕೆಲಸದವರಿಗೆ ದಿನ ಹೇಳಿಯಾಗಿತ್ತು. "ಅಷ್ಟು ದಿನ ಆಗಲ್ಲ ಮೇಡಂ. ಗುರುವಾರ ಒಬ್ರು ಡೀಲರ್ ಬರ್ತಿದಾರೆ. ಕಾಗದ ನಾವೇ ಸರಿ ಮಾಡ್ಕೋತೀವಿ, ಹಾಗೇ ತಗೊಂಡು ಹೋಗ್ತೀವಿ ಅಂದಿದಾರೆ. ಅಪ್ಪಂಗೆ ಇಷ್ಟ ಇಲ್ಲ, ಆದ್ರೆ ನಾನೇನ್ ಮಾಡ್ಲಿ ಹೇಳಿ?"

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಯಮುನಾ ಸಾರಿಗೆ ಒಗ್ಗರಣೆ ಹಾಕಲು ನಿಂತವಳು ಸಾಸಿವೆ ಸೀದು ಕರಕಲಾದರೂ ಅಲ್ಲಾಡಲಿಲ್ಲ. ಅತ್ತೆಯ ಮಾತು ಮೀರಿ ಅವಳು ಈ ಮನೆಗೆ ಒಂದು ಚಮಚವನ್ನೂ ತಂದವಳಲ್ಲ. ಆ ಕಾರು ಬೇಡವೆನ್ನಲೂ ಬಾಯಿ ಬರಲಿಲ್ಲ. ಅಂಬುಜಮ್ಮ ಎದ್ದು ಬಂದು ಒಲೆ ಆರಿಸಿದರು.

"ಒಂದು ಮಾತು ಕೇಳ್ತೀನಿ. ಆ ಕಾರಲ್ಲಿ ನಾನೆಲ್ಲಿ ಕೂತ್ಕೋಬೇಕು?"

"ಮುಂದೆ ಅತ್ತೆ. ನನ್ನ ಪಕ್ಕ."

ಅಂಬುಜಮ್ಮ ಸ್ವಲ್ಪ ಹೊತ್ತು ಸೊಸೆಯ ಮುಖವನ್ನೇ ನೋಡಿದರು. ಅವರ ಕಾಲದಲ್ಲಿ ಮುಂದಿನ ಸೀಟು ಗಂಡಸರದು. ಮಾವನವರದು, ಆಮೇಲೆ ಯಜಮಾನರದು, ಆಮೇಲೆ ದೊಡ್ಡ ಮಗನದು. ಎಪ್ಪತ್ತೆಂಟು ವರ್ಷದಲ್ಲಿ ಯಾರೂ ಅವರನ್ನು ಮುಂದೆ ಕೂರಿಸಿರಲಿಲ್ಲ, ಅವರೂ ಕೇಳಿರಲಿಲ್ಲ. ಹೋಗಿ ಕನ್ನಡಕ ಹಾಕಿಕೊಂಡು ಮತ್ತೆ ಪಂಚಾಂಗ ಬಿಡಿಸಿದರು.

"ನಾಳೆ ಸೋಮವಾರ ಒಳ್ಳೇ ದಿನ. ಒಂಬತ್ತು ಗಂಟೆಗೆ ರಾಹುಕಾಲ ಕಳೆಯುತ್ತೆ. ಪ್ರಸ್ಥಾನ ಇಟ್ಬಿಡೋಣ."

"ಪ್ರಸ್ಥಾನನಾ?"

"ನಮ್ಮ ಮಾವನೋರು ಕಾಶಿಗೆ ಹೊರಟಾಗ ರೈಲಿನ ಟಿಕೆಟ್ ಸಿಕ್ಕಿದ್ದು ಶುದ್ಧ ಕೆಟ್ಟ ದಿನ. ಏನ್ ಮಾಡಿದ್ರು? ನಾಲ್ಕು ದಿನ ಮುಂಚೆ ಒಳ್ಳೇ ಮುಹೂರ್ತದಲ್ಲಿ ಅವರ ಛತ್ರಿ, ಒಂದು ಹಿಡಿ ಅಕ್ಕಿ ಪಕ್ಕದ ಮನೇಲಿ ಇಟ್ಬಂದ್ರು. ಆವತ್ತೇ ಹೊರಟ ಲೆಕ್ಕ. ಹಾಗೇ ಕಾರಿನದ್ದು ಏನಾದ್ರೂ ನಾಳೆನೇ ಮನೆಗೆ ಬಂದ್ರೆ, ಕಾರು ನಾಳೆನೇ ಬಂದಂಗೆ."

ಯಮುನಾಳ ಮುಖದಲ್ಲಿ ಕಳೆ ಬಂತು. "ಕೀ ತರೋಣ್ವಾ?"

"ಕೀ ಬಂದ್ರೆ ಏನ್ ಬಂದಂಗಾಯ್ತು? ಮನೆಗೆ ಬರೋರು ಕಾಲಲ್ಲಿ ಬರ್ಬೇಕು." ಅಂಬುಜಮ್ಮ ಗಾಳಿಯಲ್ಲಿ ಒಂದು ದುಂಡನೆಯ ಆಕಾರ ಬರೆದರು. "ಹಿಂದುಗಡೆ ಒಂದು ಚಕ್ರ ಹೊತ್ಕೊಂಡಿದೆ ಅಂದ್ಯಲ್ಲ?"

ಯಮುನಾ ಐವತ್ತೊಂದು ವರ್ಷದ ಮೇಡಂ ಎಂಬುದನ್ನು ಮರೆತು ಅತ್ತೆಯನ್ನು ಅಪ್ಪಿಕೊಂಡಳು. "ಆದ್ರೆ ಎಷ್ಟು ದಿನ ನಡೆಯುತ್ತೆ ಇದು?"

"ಸಾಮಾನ್ಯರಿಗೆ ಐದು ದಿನ, ಪಾಳೇಗಾರರಿಗೆ ಏಳು, ರಾಜರಿಗೆ ಹತ್ತು. ಅಷ್ಟರೊಳಗೆ ಹೊರಡ್ಬೇಕು."

"ನಾವು ಯಾವ ಲೆಕ್ಕ?"

"ಓಡಿಸೋಳು ನೀನು ತಾನೇ? ರಾಣಿ ಲೆಕ್ಕ. ಹತ್ತು."

ಸೋಮವಾರ ಯಮುನಾ ರಜೆ ಹಾಕಿದಳು. ಬೆಳಗ್ಗೆ ಅತ್ತೆ ಸೊಸೆ ರೇಷ್ಮೆ ಸೀರೆ ಉಟ್ಟು ಆಟೋದಲ್ಲಿ ಮಲ್ಲೇಶ್ವರಂಗೆ ಹೋದರು. ರಾಮಾನುಜರಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. "ಪ್ರಸ್ಥಾನವಾ? ಭೇಷ್!" ಎಂದು ತಾವೇ ಸ್ಪ್ಯಾನರ್ ತಂದರು. ಸ್ಟೆಪ್ನಿಗೆ ಅರಿಶಿನ ಕುಂಕುಮ ಹಚ್ಚಿ, ತಟ್ಟೆಯಲ್ಲಿ ತಾಂಬೂಲ ಅದಲುಬದಲು ಮಾಡಿಕೊಂಡು, ಒಂಬತ್ತೂ ಮುಕ್ಕಾಲಿಗೆ ಸರಿಯಾಗಿ ಗೇಟು ದಾಟಿಸಿದರು. ಸುಪ್ರಜಾ ಬಾಗಿಲಿಗೆ ಒರಗಿ ನಿಂತು ಈ ವೈಭವವನ್ನು ನೋಡಿದಳು. ಅವಳ ಹುಬ್ಬು ಮೇಲೇರಿದ್ದು ಇಳಿಯಲಿಲ್ಲ.

ಆಟೋದ ಸೀಟಿನಲ್ಲಿ ಸ್ಟೆಪ್ನಿಯನ್ನು ನಿಲ್ಲಿಸಿ ಹಿಡಿದುಕೊಳ್ಳಬೇಕಾಯಿತು. ಒಂದು ಪಕ್ಕ ಅಂಬುಜಮ್ಮ, ಇನ್ನೊಂದು ಪಕ್ಕ ಯಮುನಾ, ನಡುವೆ ಕುಂಕುಮ ಹಚ್ಚಿಕೊಂಡ ಚಕ್ರ. ಆಟೋ ಮೆಜೆಸ್ಟಿಕ್ ದಾಟಿ ಕಾಟನ್‌ಪೇಟೆಯ ಗಿಜಿಗಿಜಿಗೆ ನುಗ್ಗಿದಾಗ ಯಮುನಾಳಿಗೆ ಇದ್ದಕ್ಕಿದ್ದಂತೆ ಹೊಳೆಯಿತು. ಮಧ್ಯದಲ್ಲಿ ಬೇರೆ ಯಾರೋ ಕೂತಿದ್ದಾರೆ, ತಾನು ಅಂಚಿನಲ್ಲಿದ್ದೇನೆ! ಬಟ್ಟೆ ಮೂಟೆಗಳು, ತಳ್ಳುಗಾಡಿಗಳು, ಹೂವಿನವರು, ಎಲ್ಲವೂ ಕೈಚಾಚಿದರೆ ಸಿಗುವಷ್ಟು ಹತ್ತಿರ ಸರಿದುಹೋದವು. ಅವಳು ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳು.

ಮನೆಯ ಹೊಸ್ತಿಲ ಮೇಲೆ ಸೇರು ಅಕ್ಕಿ ಇಟ್ಟು, ಆರತಿ ಎತ್ತಿ, ಸ್ಟೆಪ್ನಿಯನ್ನು ಉರುಳಿಸಿಕೊಂಡು ಒಳಗೆ ತಂದು ದೇವರಮನೆಯ ಪಕ್ಕದಲ್ಲಿ ಒರಗಿಸಿದರು. ಸಂಜೆ ವಿಮಾ ಕಚೇರಿಯಿಂದ ಬಂದ ಶ್ರೀಧರ್ ಚಪ್ಪಲಿ ಬಿಡುವುದನ್ನೂ ಮರೆತು ನಿಂತ. "ಏನಿದು, ಕಾರು ಕಂತಿನಲ್ಲಿ ಬರ್ತಿದ್ಯಾ?"

"ಕೈಕಾಲು ತೊಳ್ಕೊಂಡು ನಮಸ್ಕಾರ ಮಾಡು," ಎಂದರು ಅಂಬುಜಮ್ಮ. ಅವನು ಮಾಡಿದ.

ಪೇಪರ್ ತಿದ್ದುವುದು ಮುಗಿದಿತ್ತು, ಮೂರು ದಿನ ಯಮುನಾ ಶಾಲೆಗೆ ಹೋಗುವ ಮುಂಚೆ ಆ ಚಕ್ರ ಮುಟ್ಟಿ ಹೋಗುತ್ತಿದ್ದಳು. ಗುರುವಾರ ಕೊನೆಯ ಪೀರಿಯಡ್ಡು ಮುಗಿಯುವ ಹೊತ್ತಿಗೆ ಸುಪ್ರಜಾಳ ಫೋನು ಬಂತು.

"ಮೇಡಂ, ಡೀಲರ್ ಬಂದಿದಾರೆ. ನೀವು ಹೇಳಿದ್ದಕ್ಕಿಂತ ಜಾಸ್ತಿ ಕೊಡ್ತಿದಾರೆ. ಆ ಸ್ಟೆಪ್ನಿ ವಾಪಸ್ ತಂದ್ಕೊಡ್ತೀರಾ?"

"ಸುಪ್ರಜಾ, ಮೊನ್ನೆ ಎಲ್ಲ ಮಾತಾಗಿತ್ತಲ್ಲ!"

"ಏನು ಮಾತಾಯ್ತು ಮೇಡಂ? ಅಡ್ವಾನ್ಸ್ ಕೊಟ್ಟಿದೀರಾ? ಒಂದು ರೂಪಾಯಿ?"

ಯಮುನಾ ಕೈಯಲ್ಲಿದ್ದ ಸೀಮೆಸುಣ್ಣವನ್ನೇ ನೋಡಿದಳು. ಕೊಟ್ಟಿರಲಿಲ್ಲ! ಮುಹೂರ್ತ ನೋಡಿದ್ದರು, ರಾಹುಕಾಲ ನೋಡಿದ್ದರು, ಐದು ಥರದ ಹಣ್ಣು ಕೊಟ್ಟಿದ್ದರು. ಊರಿನ ಎಂಥ ಮೂರ್ಖನೂ ಮೊದಲು ಮಾಡುವ ಕೆಲಸವೊಂದನ್ನು ಬಿಟ್ಟು ಬಾಕಿಯೆಲ್ಲ ಮಾಡಿದ್ದರು. ಗಣಿತದ ಮೇಡಂ ಎಂದು ಹೇಳಿಕೊಳ್ಳಲು ಅವಳಿಗೆ ನಾಚಿಕೆಯಾಯಿತು.

ಕಂಡವರ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಪೈಕಿಯಲ್ಲ ಅವಳು. ಮನೆಗೆ ಬಂದು ಆಟೋ ಕರೆದಳು. ಅಂಬುಜಮ್ಮ ಸೆರಗು ಸಿಕ್ಕಿಸಿಕೊಂಡು ತಾವೂ ಹತ್ತಿ ಕೂತರು, ಸ್ಟೆಪ್ನಿಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದುಕೊಂಡು. ಹದಿನೈದನೇ ಕ್ರಾಸಿನಲ್ಲಿ ಆಟೋ ನಿಂತ ಮೇಲೂ ಇಳಿಯಲಿಲ್ಲ.

"ನೀನು ಹೋಗಿ ಮಾತಾಡು. ಚಕ್ರ ಗೇಟು ದಾಟಿದ್ರೆ ತಾನೇ ವಾಪಸ್ ಆಗೋದು? ಅಲ್ಲೀವರೆಗೂ ಪ್ರಸ್ಥಾನ ಪ್ರಸ್ಥಾನನೇ."

"ಅಜ್ಜಿ, ಮೀಟರ್ ಓಡ್ತಿದೆ," ಎಂದ ಆಟೋದವನು.

"ಓಡ್ಲಿ ಬಿಡಪ್ಪ, ಅದಾದ್ರೂ ಓಡ್ಲಿ," ಎಂದರು ಅಂಬುಜಮ್ಮ.

ಒಳಗೆ ಬಿಳಿ ಅಂಗಿಯ ಡೀಲರ್ ಕಾರಿನ ಸುತ್ತ ಓಡಾಡುತ್ತಿದ್ದ. ಸ್ಟೆಪ್ನಿ ಇಲ್ಲದಿದ್ದರೂ ಪರವಾಗಿಲ್ಲ, ಬೇರೆ ಹಾಕಿಕೊಳ್ಳುತ್ತೇನೆ ಎನ್ನುತ್ತಿದ್ದ. ರಾಮಾನುಜ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಯಮುನಾ ಅವರ ಮುಂದೆ ಹೋಗಿ ನಿಂತಳು. ಬರುವಾಗ ವಾದ ಮಾಡಬೇಕೆಂದು ಏನೇನೋ ಜೋಡಿಸಿಕೊಂಡಿದ್ದಳು. ಬಾಯಿಂದ ಬಂದದ್ದು ಬೇರೆ.

"ಸರ್, ಸ್ಟೆಪ್ನಿ ತಂದಿದೀನಿ, ಆಟೋದಲ್ಲಿದೆ. ಕೊಡೋಕ್ಮುಂಚೆ ಒಂದು ಸಲ ನಾನು ಓಡಿಸ್ಲಾ? ಒಂದೇ ರೌಂಡು. ಆಮೇಲೆ ಯಾರಿಗೆ ಬೇಕಾದ್ರೂ ಕೊಡಿ."

ರಾಮಾನುಜ ಎದ್ದು ಹೋಗಿ ಪಕ್ಕದ ಸೀಟಿನಲ್ಲಿ ಕೂತರು.

ಯಮುನಾ ಸೀಟು ಏರಿಸಿದಳು, ಕನ್ನಡಿ ತಿದ್ದಿದಳು. ಕಾರು ಗೇಟಿನ ಬಳಿ ಒಮ್ಮೆ ಆಫ್ ಆಯಿತು, ರಸ್ತೆಗಿಳಿದ ಮೇಲೆ ಇನ್ನೊಮ್ಮೆ. ಡೀಲರ್ ನಕ್ಕದ್ದು ಕೇಳಿಸಿತು. ಮೂರನೇ ಸಲ ಕ್ಲಚ್ಚು ಮೆಲ್ಲಗೆ ಬಿಟ್ಟಳು, ಬಸವನಗುಡಿಯಲ್ಲಿ ಕಲಿತದ್ದು ಕಾಲಿಗೆ ಇನ್ನೂ ನೆನಪಿತ್ತು. ಕಾರು ಹೊರಟಿತು. ಎದುರಿಗೆ ನೀಲಿ ಬಾನೆಟ್, ಅದರ ಮೇಲೆ ಮರಗಳ ನೆರಳು ಹರಿದು ಬರುತ್ತಿತ್ತು. ಅವಳಿಗೆ ಕೂಗಬೇಕೆನಿಸುವಷ್ಟು ಸಂತೋಷವಾಯಿತು. ಅಯ್ಯೋ, ಇದಕ್ಕೆ ಐವತ್ತೊಂದು ವರ್ಷ ಬೇಕಾಯಿತೇ!

ಪಕ್ಕದ ಕ್ರಾಸಿಗೆ ತಿರುಗಿದ್ದೇ ತಡ, ಎದುರಿಗೆ ನೀರಿನ ಟ್ಯಾಂಕರು. ಎರಡೂ ಕಡೆ ನಿಂತ ಗಾಡಿಗಳ ನಡುವೆ ಒಂದೇ ಕಾರಿನ ಜಾಗ. ಟ್ಯಾಂಕರಿನವನು ಹಾರ್ನು ಹೊಡೆದು, ಹಿಂದೆ ಹೋಗಿ ಎಂದು ಕೈ ಬೀಸಿದ. ಯಮುನಾ ಕನ್ನಡಿ ನೋಡಿದಳು. ಹಿಂದೆ ನಲವತ್ತು ಗಜ, ಬಲಕ್ಕೆ ಎಳನೀರಿನ ಗಾಡಿ, ಎಡಕ್ಕೆ ಚರಂಡಿಯ ಕಲ್ಲು. ರಾಮಾನುಜ ಕೈ ಕಟ್ಟಿಕೊಂಡು ಕೂತರು. ಅವಳು ರಿವರ್ಸ್ ಹಾಕಿ ಇಂಚಿಂಚಾಗಿ ಹಿಂದೆ ಸರಿದಳು. ಎಳನೀರಿನವನು ಕತ್ತಿ ಕೆಳಗಿಟ್ಟು "ಬನ್ನಿ ಮೇಡಂ, ಬನ್ನಿ, ಬನ್ನಿ, ಸಾಕು!" ಎಂದು ಕೂಗಿದ. ಟ್ಯಾಂಕರು ದಾಟಿಹೋಯಿತು. ಕಾರಿಗೆ ಗೀರು ಕೂಡ ಬಿದ್ದಿರಲಿಲ್ಲ.

"ಈ ಕಾರು ನೋಡೋಕೆ ಹನ್ನೊಂದು ಜನ ಬಂದ್ರು," ಎಂದರು ರಾಮಾನುಜ. "ಎಲ್ರೂ ಎಷ್ಟು ಜೋರಾಗಿ ಮುಂದೆ ಹೋಗುತ್ತೆ ಅಂತ ನೋಡಿದ್ರು. ಹಿಂದೆ ಬಂದು ಇನ್ನೊಬ್ರಿಗೆ ದಾರಿ ಬಿಟ್ಟೋರು ನೀವೊಬ್ರೇ."

ಮನೆಗೆ ಮರಳಿದ ಮೇಲೆ ಅವರು ಗೇಟಿನ ಬಳಿ ಇಳಿದು ಡೀಲರ್ ಹತ್ತಿರ ಹೋದರು. "ತಪ್ಪು ತಿಳ್ಕೋಬೇಡಿ. ಕಾರು ಮಾರಿ ಆಗಿದೆ."

"ಯಾವಾಗ ಸಾರ್?" ಎಂದ ಅವನು ಬೆರಗಾಗಿ.

"ಸೋಮವಾರ, ಒಂಬತ್ತೂ ಮುಕ್ಕಾಲಿಗೆ."

ಸುಪ್ರಜಾ ಅಪ್ಪನ ಮುಖ ನೋಡಿದಳು. ಕಾರು ಓಡಿಸುವುದು ನಿಂತ ಮೇಲೆ ಅವರು ಇಷ್ಟು ಗೆಲುವಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. "ಸಂಪಿನೋರಿಗೆ ಮುಂದಿನ ವಾರ ಬನ್ನಿ ಅಂತೀನಿ," ಎಂದಳು. "ಆದ್ರೆ ಮೇಡಂ, ಈ ಸಲ ಅಡ್ವಾನ್ಸ್ ಇಟ್ಟು ಹೋಗಿ." ಯಮುನಾ ಪರ್ಸಿನಲ್ಲಿದ್ದದ್ದನ್ನೆಲ್ಲ ಅವಳ ಕೈಗೆ ಸುರಿದಳು. ಆಟೋದೊಳಗಿನಿಂದ ಅಂಬುಜಮ್ಮ ಎಲೆ ಅಡಿಕೆ ಚೀಲದಿಂದ ನೂರೊಂದು ರೂಪಾಯಿ ಕಳಿಸಿದರು. ಸ್ಟೆಪ್ನಿ ಗೇಟು ದಾಟದೆ ಚಾಮರಾಜಪೇಟೆಗೆ ಹಿಂತಿರುಗಿತು.

ಬ್ಯಾಂಕಿನ ಪತ್ರ ಒಂಬತ್ತನೇ ದಿನ ಬಂತು. ಹತ್ತನೇ ದಿನ, ರಾಣಿ ಲೆಕ್ಕದ ಕಡೆಯ ದಿನ, ಮನೆಮಂದಿಯೆಲ್ಲ ಮಲ್ಲೇಶ್ವರಂಗೆ ಹೋದರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟಾಯಿತು. ಕಾರನ್ನು ಮನೆ ಮುಟ್ಟಿಸಿಯೇ ಬರುತ್ತೇನೆಂದು ರಾಮಾನುಜ ಹಟ ಹಿಡಿದರು, ಅವರನ್ನು ವಾಪಸ್ ಕರೆತರಲು ಸುಪ್ರಜಾಳೂ ಹೊರಟಳು. ಹಿರಿಯರೆಂದು ರಾಮಾನುಜರಿಗೆ ಒಂದು ಕಿಟಕಿ, ಹೆಣ್ಣುಮಗಳೆಂದು ಸುಪ್ರಜಾಳಿಗೆ ಇನ್ನೊಂದು. ಶ್ರೀಧರ್ ಮುಂದಿನ ಬಾಗಿಲಿಗೆ ಕೈಹಾಕಿದ.

"ನೀವು ಹಿಂದೆ ರೀ. ಮಧ್ಯ ಕೂತ್ಕೊಳ್ಳಿ," ಎಂದಳು ಯಮುನಾ. ಇಪ್ಪತ್ತೈದು ವರ್ಷದಿಂದ ಹೇಳಬೇಕೆಂದಿದ್ದ ಮಾತು ಇಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ. ಶ್ರೀಧರ್ ಮೊಣಕಾಲು ಮಡಿಚಿ, ಮಡಿಲಲ್ಲಿ ಪೂಜೆಯ ತಟ್ಟೆ ಇಟ್ಟುಕೊಂಡು, ಹೇಳಿದಂತೆ ಕೂತ.

ಅಂಬುಜಮ್ಮ ಮುಂದೆ ಕೂತರು. ಬೆಲ್ಟ್ ಹಾಕಿಸಿಕೊಳ್ಳುವಾಗ ಚಿಕ್ಕ ಹುಡುಗಿಯ ಹಾಗೆ ಕೈ ಎರಡೂ ಮೇಲೆತ್ತಿದರು. ನಿಂಬೆಹಣ್ಣು ಚಟಚಟನೆ ಒಡೆದು ಕಾರು ಹೊರಟಿತು. ಶೇಷಾದ್ರಿಪುರ ಬಂತು, ಮೆಜೆಸ್ಟಿಕ್ ಬಂತು. ಅವರು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಕಣ್ಣು ಮಿಟುಕಿಸದೆ ಎದುರು ನೋಡುತ್ತಿದ್ದರು. ಹೆದರಿದ್ದಾರೇನೋ ಎಂದು ಯಮುನಾ ವೇಗ ಇಳಿಸಿದಳು.

ಕಾಟನ್‌ಪೇಟೆಯ ಸಂದಣಿ ದಾಟಿ ಚಾಮರಾಜಪೇಟೆಯ ಕಡೆಗೆ ತಿರುಗಿದಾಗ, ಅಂಬುಜಮ್ಮ ಅರವತ್ತು ವರ್ಷ ನಡೆದಾಡಿದ ಆ ರಸ್ತೆ ಗಾಜಿನ ತುಂಬ ಬಿಚ್ಚಿಕೊಂಡಿತು. ಅವರು ಮೆಲ್ಲಗೆ ಕೇಳಿದರು: "ಯಮುನಾ, ನಮ್ಮ ರಸ್ತೆ ಇಷ್ಟು ಅಗಲ ಇತ್ತೇನೇ?"

ಯಮುನಾಳ ಕಣ್ಣು ತುಂಬಿಬಂತು. ಇಂಡಿಕೇಟರ್ ಹಾಕಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕಣ್ಣೊರೆಸಿಕೊಂಡಳು. ಹಿಂದಿನಿಂದ ಶ್ರೀಧರ್ ಎರಡು ಸೀಟುಗಳ ಸಂದಿಯಲ್ಲಿ ಕುತ್ತಿಗೆ ಚಾಚಿ, "ಯಾಕೆ ನಿಲ್ಲಿಸ್ದೆ? ಏನಾಯ್ತು? ನಂಗೇನೂ ಕಾಣಿಸ್ತಿಲ್ಲ!" ಎಂದ.

"ಮನೆಗೆ ಹೋಗೋಕ್ಮುಂಚೆ ಇನ್ನೊಂದು ರೌಂಡು ಹೊಡಿಯೇ," ಎಂದರು ಅಂಬುಜಮ್ಮ. "ಕಾರು ಸೋಮವಾರನೇ ಬಂದಾಗಿದೆ, ಅವಸರ ಏನಿದೆ?"

ಯಮುನಾ ಮೊದಲನೇ ಗೇರು ಹಾಕಿದಳು.